ನನಗೆ ಚಳಿಯಾಗುತ್ತಿದೆ

ಟ್ಯೂಬಿಂಗೆನ್, ಜರ್ಮನಿ
ಜನವರಿ 18

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆಯೆಂದು ತಪ್ಪದೆ ಬರೆಯಿರಿ.

ಜರ್ಮನ್ ಕಲಿಕೆ ಎಲ್ಲಿಗೆ ಬಂತು, ವ್ಯಾಕರಣ ಓದುತ್ತಿದ್ದೀಯೋ ಇಲ್ಲವೋ ಎಂದು ಕೇಳಿದ್ದಿರಿ. ಮೊದಲ ಮೂರು ತಿಂಗಳು ನಾನು ವ್ಯಾಕರಣದ ಪುಸ್ತಕವನ್ನು ತೆರೆಯಲೇ ಇಲ್ಲ. ಮಕ್ಕಳು ಮಾತು ಕಲಿಯುವಂತೆ ಕಿವಿಯಿಂದಲೇ ಕಲಿತರಾಯಿತು ಎಂದುಕೊಂಡಿದ್ದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಅಷ್ಟರಿಂದಲೇ ಕೆಲಸ ಸಾಗಿತು. ಆದರೆ ನವೆಂಬರಿನ ಒಂದು ಸಂಜೆ ಮನೆಯೊಡತಿಯ ಅಡುಗೆಮನೆಯಲ್ಲಿ ನಡುಗುತ್ತ ನಿಂತು, ಇಂಗ್ಲಿಷ್ ವಾಕ್ಯವನ್ನೇ ಪದಕ್ಕೆ ಪದವಿಟ್ಟು ‘ಇಷ್ ಬಿನ್ ಕಾಲ್ಟ್’ ಎಂದೆ. ಹಾಗೆಂದರೆ ‘ನಾನು ಕನಿಕರವಿಲ್ಲದವಳು’ ಎಂಬರ್ಥ ಬರುತ್ತದೆಂದೂ ‘ಮಿಯರ್ ಇಸ್ಟ್ ಕಾಲ್ಟ್’ ಎನ್ನಬೇಕೆಂದೂ ಅವರು ಅಕ್ಕರೆಯಿಂದ ತಿದ್ದಿದರು. ರಾತ್ರಿ ಪುಸ್ತಕ ಬಿಡಿಸಿದರೆ ‘ಇಷ್’ ಎಂದರೆ ನಾನು, ‘ಮಿಯರ್’ ಎಂದರೆ ನನಗೆ! ನಾವೂ ‘ನನಗೆ ಚಳಿಯಾಗುತ್ತಿದೆ’ ಎಂದೇ ಹೇಳುವುದಲ್ಲವೇ? ನೀವು ಜಗಲಿಯಲ್ಲಿ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ ಚತುರ್ಥೀ ವಿಭಕ್ತಿ ನನ್ನ ಕೈಹಿಡಿಯಿತು, ಅಪ್ಪ.

ಹಾಗೆಂದು ಹೋಲಿಕೆ ಎಲ್ಲೆಡೆಯೂ ನಡೆಯುವುದಿಲ್ಲ. ‘ಇನ್ ಡೆರ್ ಕ್ಯುಷೆ’ ಎಂದರೆ ಅಡುಗೆಮನೆಯಲ್ಲಿ, ‘ಇನ್ ಡೀ ಕ್ಯುಷೆ’ ಎಂದರೆ ಅಡುಗೆಮನೆಯೊಳಕ್ಕೆ. ನಾವು ನಾಮಪದದ ಕೊನೆಗೆ ಪ್ರತ್ಯಯ ಹಚ್ಚಿ ತೋರಿಸುವ ಭೇದವನ್ನು ಇಲ್ಲಿ ನಾಮಪದಕ್ಕೆ ಮೊದಲು ಬರುವ ಪುಟ್ಟ ಪದವೊಂದು ಹೊರುತ್ತದೆ. ಅದರಲ್ಲೂ ಇರುವ ಸ್ಥಳಕ್ಕೆ ಚತುರ್ಥಿ, ಹೋಗುವ ಸ್ಥಳಕ್ಕೆ ದ್ವಿತೀಯೆ. ಇವರಿಗಿರುವುದು ನಾಲ್ಕೇ ವಿಭಕ್ತಿ, ಆದ್ದರಿಂದ ಒಂದೊಂದಕ್ಕೂ ಕೆಲಸ ಹೆಚ್ಚು. ಲಿಂಗವಂತೂ ಅರ್ಥವನ್ನು ನೋಡಿ ಹೇಳುವಂಥದ್ದಲ್ಲ: ಹುಡುಗಿ ಎಂಬರ್ಥದ ‘ಮೇಡ್‌ಷೆನ್’ ನಪುಂಸಕಲಿಂಗ. ಕೊನೆಯ ‘ಷೆನ್’ ಚಿಕ್ಕದೆಂಬುದನ್ನು ಸೂಚಿಸುವ ಪ್ರತ್ಯಯವೆಂದೂ ಅದು ಸೇರಿದ ಪದಗಳೆಲ್ಲ ನಪುಂಸಕವೆಂದೂ ತಿಳಿದ ಮೇಲೆ ನನ್ನ ಗೊಂದಲ ಕಳೆಯಿತು. ಕಿವಿಯನ್ನಷ್ಟೇ ನಂಬಿದ್ದರೆ ಅಂಥ ಒಂದೊಂದು ಪದವನ್ನೂ ಬೇರೆಬೇರೆಯಾಗಿ ನೆನಪಿಡಬೇಕಿತ್ತು. ಮಾತು ಮೊದಲು ಕಿವಿಗೆ ಬೀಳಬೇಕು, ನಿಜ. ಆದರೆ ತಪ್ಪಿದ ಮರುಗಳಿಗೆಯೇ ಕಾರಣ ಹೇಳಲು ವ್ಯಾಕರಣ ಪಕ್ಕದಲ್ಲಿರಬೇಕು ಎಂದು ನನಗೀಗ ಅನ್ನಿಸುತ್ತದೆ.

ಕನ್ನಡ ನಿಘಂಟು ರಚಿಸಿದ ಜರ್ಮನ್ ಪಾದ್ರಿ ಕಿಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ನಮ್ಮ ‘ನನಗೆ’ಯನ್ನು ಮೊದಲು ಕೇಳಿದಾಗ ಅವರಿಗೂ ತಮ್ಮ ‘ಮಿಯರ್’ ನೆನಪಾಗಿರಬಹುದೇ ಎಂದು ಸಂಜೆ ತಿರುಗಾಡುವಾಗ ಯೋಚಿಸುತ್ತೇನೆ.

ಮುಂದಿನ ವಾರ ಸಮಾಸಪದಗಳ ಪಾಠವಿದೆ. ಇಲ್ಲಿ ಕೈಗವಸಿಗೆ ‘ಹಾಂಡ್‌ಶೂ’, ಅಂದರೆ ಕೈಯ ಪಾದರಕ್ಷೆ, ಎನ್ನುತ್ತಾರೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನನ್ನ ಹೈಸ್ಕೂಲಿನ ವ್ಯಾಕರಣದ ನೋಟ್‌ಬುಕ್ ಇದ್ದರೆ, ಸಮಾಸದ ಪುಟಗಳ ಫೋಟೋ ತೆಗೆದು ಕಳುಹಿಸಲು ತಮ್ಮನಿಗೆ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು