ಮುಂಗಾರಿಗೆ ಮುಂಚೆ ತಾರಸಿ ರಿಪೇರಿಯಾಗಬೇಕು: ಹೊಸ ಶಿಕ್ಷಕರ ತರಬೇತಿಗಾಗಿ ದೇಣಿಗೆ ಮನವಿ

ಆತ್ಮೀಯ ದಾನಿಗಳಿಗೆ, ಹಿತೈಷಿಗಳಿಗೆ ನಮಸ್ಕಾರಗಳು.

ಬೆಂಗಳೂರು ಚಾಮರಾಜಪೇಟೆಯ ನಮ್ಮ ತರಬೇತಿ ಕೇಂದ್ರದ ಹಿಂಬದಿಯ ಪ್ರಯೋಗದ ಕೋಣೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಏಪ್ರಿಲ್ ಕೊನೆಯ ಮಳೆಗೆ ಅದರ ತಾರಸಿ ಸೋರಿ ಕಪಾಟಿನೊಳಗೆ ನೀರಿಳಿದಿದೆ. ಲಿಟ್ಮಸ್ ಕಾಗದ, ಫಿಲ್ಟರ್ ಪೇಪರ್ ಪೂರ್ತಿ ಹಾಳಾಗಿವೆ. ಮೆಗ್ನೀಸಿಯಂ ಪಟ್ಟಿ ಮಂಕಾಗಿದೆ. ಸೂಕ್ಷ್ಮದರ್ಶಕಗಳನ್ನು ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಗಳಲ್ಲಿ ಮುಚ್ಚಿಟ್ಟಿದ್ದೇವೆ, ಕಂಪ್ಯೂಟರ್‌ಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದೇವೆ. ಮೇ ಕೊನೆಗೆ ಶಾಲೆಗಳು ತೆರೆಯುತ್ತವೆ. ಅಷ್ಟರೊಳಗೆ ಈ ಸಾಲಿನ ಹೊಸ ಶಿಕ್ಷಕರಿಗೆ ಹತ್ತು ದಿನದ ತರಬೇತಿ ಇದೇ ಕೋಣೆಯಲ್ಲಿ ನಡೆಯಬೇಕು.

ಬರುವವರಲ್ಲಿ ಹೆಚ್ಚಿನವರು ಆನೇಕಲ್, ಮಾಗಡಿ, ಹೊಸಕೋಟೆ, ನೆಲಮಂಗಲ ಕಡೆಯ ಪ್ರೌಢಶಾಲೆಗಳ ಅತಿಥಿ ಶಿಕ್ಷಕರು. ಸಿಗುವ ಗೌರವಧನದಲ್ಲಿ ಬಸ್ ಚಾರ್ಜು ಕಳೆದು ಉಳಿಯುವುದು ಅಷ್ಟಕ್ಕಷ್ಟೇ; ಅದರಲ್ಲೇ ಮಕ್ಕಳಿಗೆಂದು ಬಲ್ಬು, ಬ್ಯಾಟರಿ ಕೊಳ್ಳುವ ಮನಸ್ಸು ಇವರದು. ಪಿಸಿಎಂ (ಭೌತ, ರಸಾಯನ, ಗಣಿತ) ಹುದ್ದೆ ಖಾಲಿ ಇದ್ದರೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಓದಿದವರೇ ಹತ್ತನೇ ತರಗತಿಗೆ ವಿದ್ಯುಚ್ಛಕ್ತಿಯ ಪಾಠವನ್ನೂ ಮಾಡಬೇಕು. ಕಂಪ್ಯೂಟರ್ ಕೋಣೆಯ ಬೀಗದ ಕೈಯೂ ಕೊನೆಗೆ ಇವರ ಕೈಗೇ ಬರುತ್ತದೆ. ಬಿ.ಎಡ್.ನಲ್ಲಿ ಪಾಠಯೋಜನೆ ಬರೆದು, ಚಾರ್ಟು ಮಾಡಿ ಪಳಗಿರುತ್ತಾರೆ. ಪ್ರಯೋಗ ಕೆಟ್ಟಾಗ ಏಕೆ ಕೆಟ್ಟಿತೆಂದು ಹುಡುಕುವ ಅವಕಾಶ ಮಾತ್ರ ಸಿಕ್ಕಿರುವುದಿಲ್ಲ.

ನೀರಿನ ವಿದ್ಯುದ್ವಿಭಜನೆಯನ್ನೇ, ಅಂದರೆ ವಿದ್ಯುತ್ ಹಾಯಿಸಿ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದನ್ನೇ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು ಕೊರೆದು, ಹಳೆಯ ಸೆಲ್ಲಿನ ಇಂಗಾಲದ ಕಡ್ಡಿಗಳನ್ನು ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಒಣಗಲು ಬಿಡಬೇಕು. ನೀರು ತುಂಬಿದ ಎರಡು ಪ್ರನಾಳಗಳನ್ನು ಕಡ್ಡಿಗಳ ಮೇಲೆ ಬೋರಲು ಹಾಕಿ 6 ವೋಲ್ಟ್ ಬ್ಯಾಟರಿ ಜೋಡಿಸುವುದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಗುಳ್ಳೆ ಏಳುವುದಿಲ್ಲ, ಅದು ವಿದ್ಯುತ್ತನ್ನು ಹರಿಯಗೊಡುವುದು ತೀರಾ ಕಡಿಮೆ. ಆಗ ಅವಸರದಲ್ಲಿ ಅಡುಗೆ ಉಪ್ಪು ಹಾಕಿಬಿಡುತ್ತಾರೆ. ಧನಾಗ್ರದಲ್ಲಿ ಆಮ್ಲಜನಕದ ಬದಲು ಕ್ಲೋರಿನ್ ಹುಟ್ಟಿ ಕೋಣೆಯೆಲ್ಲ ಘಾಟು. ಹಾಕಬೇಕಾದ್ದು ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಅದನ್ನು ತಯಾರಿಸುವಾಗ ನೀರಿಗೆ ಆಮ್ಲ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಇಷ್ಟಾದ ಮೇಲೂ ಜಲಜನಕ, ಆಮ್ಲಜನಕಗಳ ಗಾತ್ರ ಕರಾರುವಾಕ್ಕಾಗಿ 2:1 ಬರುವುದಿಲ್ಲ. ಆಮ್ಲಜನಕ ಸ್ವಲ್ಪ ನೀರಿನಲ್ಲಿ ಕರಗುತ್ತದೆ, ಸ್ವಲ್ಪ ಇಂಗಾಲದ ಕಡ್ಡಿಯೊಡನೆ ಸೇರಿಹೋಗುತ್ತದೆ. ಪುಸ್ತಕದಲ್ಲಿರುವಂತೆ ಏಕೆ ಬರಲಿಲ್ಲ ಎಂದು ಮಗು ಕೇಳಿದಾಗ ಈ ಕಾರಣ ಹೇಳಬಲ್ಲ ಶಿಕ್ಷಕರು ಬೇಕು.

ವಿದ್ಯುತ್ ಪ್ರವಾಹ ಅಳೆಯುವ ಅಮ್ಮೀಟರ್ ಕಥೆಯೂ ಇಂಥದೇ. ಅದನ್ನು ಸರಣಿಯಲ್ಲಿ ಕೊಡದೆ ಸಮಾಂತರವಾಗಿ ಕೊಟ್ಟರೆ, ರೋಧ ತೀರಾ ಕಡಿಮೆಯಿರುವ ಸುರುಳಿಯಲ್ಲಿ ವಿದ್ಯುತ್ತು ನುಗ್ಗಿ ಸುಟ್ಟುಹೋಗುತ್ತದೆ. ಶಾಲೆಗೆ ಇರುವುದೇ ಒಂದು.

ಇನ್ನು ಕಂಪ್ಯೂಟರ್. ಕಂಪನಿಗಳು ದಾನ ಕೊಟ್ಟ ಹಳೆಯ ಯಂತ್ರಗಳು ಶಾಲೆಯಲ್ಲಿ ಆರೇ ತಿಂಗಳಿಗೆ ಮೂಲೆ ಸೇರುವುದಕ್ಕೆ ಕಾರಣ ಬಹುಪಾಲು ಸಣ್ಣವು. ಆನ್ ಮಾಡಿದರೆ ಬೀಪ್ ಬೀಪ್ ಎಂದು ಪರದೆ ಕಪ್ಪಗಿದ್ದರೆ, ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ತೆಗೆದು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಂಟರ್ನೆಟ್ ಇದ್ದರೂ ವೆಬ್‌ಸೈಟ್ ತೆರೆಯದಿದ್ದರೆ ಮೊದಲು ತಾರೀಖು ನೋಡಬೇಕು: ಯಂತ್ರದೊಳಗಿನ ನಾಣ್ಯದಾಕಾರದ ಸಿಆರ್2032 ಸೆಲ್ ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗಿ ವೆಬ್‌ಸೈಟಿನ ಸುರಕ್ಷಾ ಪ್ರಮಾಣಪತ್ರಗಳು ತಾಳೆಯಾಗುವುದಿಲ್ಲ. ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿಯನ್ನು ಕೊಲ್ಲುವುದು ಬೇಸಿಗೆ ರಜೆ. ಚಾರ್ಜಿಲ್ಲದೆ ಬಿದ್ದಿದ್ದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ರಜೆಯಲ್ಲೂ ತಿಂಗಳಿಗೊಮ್ಮೆ ಒಂದು ದಿನ ಪ್ಲಗ್ಗಿಗೆ ಹಾಕಿಟ್ಟರೆ ಸಾಕು. ಅರ್ತಿಂಗ್ ಪರೀಕ್ಷಿಸದೆ ಮಕ್ಕಳನ್ನು ಕೂರಿಸುವಂತೆಯೇ ಇಲ್ಲ. ಕರೆಂಟು ಹೋದ ದಿನಕ್ಕೂ ಪಾಠ ಸಿದ್ಧವಿರಬೇಕು: 1, 2, 4, 8, 16 ಚುಕ್ಕಿಗಳ ಐದು ರಟ್ಟು ಹಿಡಿದು ಐದು ಮಕ್ಕಳು ನಿಂತರೆ 0ಯಿಂದ 31ರವರೆಗಿನ ಸಂಖ್ಯೆಗಳನ್ನು ದ್ವಿಮಾನದಲ್ಲಿ, ಅಂದರೆ ಕಂಪ್ಯೂಟರಿನ 0, 1ರ ಭಾಷೆಯಲ್ಲಿ ತೋರಿಸಬಹುದು.

ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದ ಊರು ಇದು. ಆ ಹಾದಿಯಲ್ಲೇ ನಡೆಯುತ್ತಿದ್ದೇವೆಂಬ ಹೆಮ್ಮೆ ನಮಗಿದೆ. ಇಲ್ಲಿ ಕಲಿತ ಶಿಕ್ಷಕರು ತಮ್ಮ ಶಾಲೆಯಲ್ಲಿ ಮುಚ್ಚಿಬಿದ್ದಿದ್ದ ಪ್ರಯೋಗಶಾಲೆಯ ಬಾಗಿಲು ತೆರೆಸಿದ್ದಾರೆ, ಮಕ್ಕಳನ್ನು ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕರೆತಂದಿದ್ದಾರೆ. ಇದುವರೆಗೆ ಯಾವ ಶಿಕ್ಷಕರಿಂದಲೂ ಶುಲ್ಕ ಪಡೆದಿಲ್ಲ, ಮುಂದೆಯೂ ಪಡೆಯುವುದಿಲ್ಲ.

ತಾರಸಿಗೆ ಸುಮಾರು 2 ಲಕ್ಷ ರೂಪಾಯಿ ಬೇಕು. ಬಿರುಕು ಕೆತ್ತಿ ತುಂಬಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು, ಎರಡು ಕೋಟ್ ವಾಟರ್‌ಪ್ರೂಫಿಂಗ್ ಹಾಕಿ, ಎರಡು ದಿನ ನೀರು ಕಟ್ಟಿ ನೋಡಬೇಕು. ಮೇಲ್ಮೈ ಒದ್ದೆಯಿದ್ದರೆ ಕೋಟ್ ಹಿಡಿಯದೆ ಗುಳ್ಳೆ ಏಳುತ್ತದೆ. ಜೂನ್ ಮಳೆ ಶುರುವಾದರೆ ಮಾಡಿದ ಖರ್ಚು ನೀರುಪಾಲು. ಅದಕ್ಕೇ ಈ ಅವಸರ. ಒಬ್ಬ ಶಿಕ್ಷಕರಿಗೆ ಮಲ್ಟಿಮೀಟರ್, ಅಮ್ಮೀಟರ್, ನೈಕ್ರೋಮ್ ತಂತಿ, ಪ್ರನಾಳ, ಮರಳು ಕಾಗದ, ಸ್ಕ್ರೂಡ್ರೈವರ್ ಇರುವ ಪೆಟ್ಟಿಗೆ ಕೊಟ್ಟು ಕಳಿಸಲು ಹತ್ತಿರಹತ್ತಿರ 3,000 ರೂಪಾಯಿ. ಹಳೆಯ ಕಂಪ್ಯೂಟರ್ ಒಂದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಕಡತ ಉಳಿಸುವ ಎಸ್‌ಎಸ್‌ಡಿ, ಸೆಲ್ ತಂದು ಹಾಕಲು ಹೆಚ್ಚುಕಡಿಮೆ ಅಷ್ಟೇ.

ಕೈಲಾದಷ್ಟು ಕೊಡಿ, ಮೇ ಎರಡನೇ ವಾರದೊಳಗೆ ಕೊಡಿ. ಚೆಕ್ ಅಥವಾ ಯುಪಿಐ ಆದರೆ ಒಳ್ಳೆಯದು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ರಸೀದಿಗೆ ಪ್ಯಾನ್ ಸಂಖ್ಯೆ ಬರೆಸಿ. ಕಂಪ್ಯೂಟರ್ ಕೊಡುವವರು ಪವರ್ ಕೇಬಲ್ ಸಮೇತ ಕೊಡಿ, ಹಾರ್ಡ್‌ಡಿಸ್ಕಿನಲ್ಲಿರುವ ನಿಮ್ಮ ಕಡತಗಳನ್ನು ಮೊದಲೇ ಅಳಿಸಿರಿ. ಹಳೆಯ ದಪ್ಪ ಮಾನಿಟರ್‌ಗಳು ಬೇಡ. ರಾಸಾಯನಿಕಗಳನ್ನು ಯಾರೂ ತರಬೇಡಿ. ಲೇಬಲ್ಲು, ತಯಾರಾದ ತಾರೀಖು ಖಚಿತವಿರುವುದನ್ನು ನಾವೇ ಕೊಳ್ಳುತ್ತೇವೆ.

ಇತಿ,
ಧರ್ಮದರ್ಶಿಗಳು