ನೋವು ನಿಂತ ಮೇಲೂ ಬಂದು ತೋರಿಸಿದವರಿಗೆ, ಕರೆತಂದವರಿಗೆ

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾಗುತ್ತಿದ್ದಾಗ ಇಸಿಜಿ ಕೋಣೆಗಳ ಮುಂದೆ ಜನ ಸಾಲುಗಟ್ಟಿದ್ದರು. ಆ ಭಯ ಈಗ ಇಳಿದಿದೆ. ಆದರೆ ನೋವು ನಿಂತ ಮೇಲೂ ಒಮ್ಮೆ ಬಂದು ತೋರಿಸಿಕೊಳ್ಳುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಅದನ್ನು ಉಳಿಸಿದ ನಿಮಗೆಲ್ಲ ತಾಲ್ಲೂಕು ಆಸ್ಪತ್ರೆಯ ಇಸಿಜಿ ಕೋಣೆಯಲ್ಲಿ ಕೆಲಸ ಮಾಡುವ ನಮ್ಮೆಲ್ಲರ ಕೃತಜ್ಞತೆ.

ಮೊದಲು ಆಶಾ ಅಕ್ಕಂದಿರಿಗೆ. ‘ಎದೆನೋವು ಇದೆಯಾ?’ ಅಂತ ಕೇಳಿದರೆ ನಮ್ಮ ಕಡೆ ಬರುವ ಉತ್ತರ ‘ಇಲ್ಲ, ಸ್ವಲ್ಪ ಗ್ಯಾಸು’. ನೀವು ಕೇಳುವ ರೀತಿಯನ್ನೇ ಬದಲಿಸಿಕೊಂಡಿರಿ: ‘ಏರು ಹತ್ತುವಾಗ, ಕಾಫಿ ಮೂಟೆ ಹೊರುವಾಗ, ಉಂಡ ಕೂಡಲೇ ನಡೆದಾಗ ಎದೆ ಹಿಡಿದ ಹಾಗಾಗುತ್ತಾ? ನಿಂತರೆ ಹೋಗುತ್ತಾ?’ ಈ ಎರಡನೇ ಪ್ರಶ್ನೆಯೇ ಮುಖ್ಯ. ನಿಂತ ಐದು ನಿಮಿಷಕ್ಕೆ ಬಿಗಿತ ಇಳಿಯಿತೆಂದು ಜನ ಸಮಾಧಾನಪಡುತ್ತಾರೆ, ಆದರೆ ಹೃದ್ರೋಗದ ಗುರುತೇ ಅದು. ರಕ್ತನಾಳ ಕಿರಿದಾದಾಗ ಸುಮ್ಮನೆ ಕೂತವರ ಹೃದಯಕ್ಕೆ ಬರುವ ರಕ್ತ ಸಾಕಾಗುತ್ತದೆ, ದುಡಿಯುವಾಗ ಸಾಲುವುದಿಲ್ಲ. ಎಲ್ಲಿ ಅಂತ ಕೇಳಿದರೆ ಇಂಥವರಲ್ಲಿ ಹೆಚ್ಚಿನವರು ಬೆರಳಿಟ್ಟು ತೋರಿಸುವುದಿಲ್ಲ, ಮುಷ್ಟಿಯನ್ನೋ ಅಂಗೈಯನ್ನೋ ಎದೆಯ ನಡುವೆ ಒತ್ತಿ ಹಿಡಿಯುತ್ತಾರೆ. ದವಡೆ, ಎಡಗೈ, ಬೆನ್ನು, ಹೊಟ್ಟೆಯ ಮೇಲ್ಭಾಗದಲ್ಲಿ ಮಾತ್ರ ನೋವಿರುವವರೂ ಇದ್ದಾರೆ. ಸಕ್ಕರೆ ಕಾಯಿಲೆಯವರು, ಹೆಂಗಸರು, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಕಾರಣವಿಲ್ಲದ ಸುಸ್ತು, ಬೆವರು ಕಾಣಿಸಬಹುದು. ಹೋದ ತಿಂಗಳು ಒಂದೇ ಉಸಿರಿಗೆ ಹತ್ತುತ್ತಿದ್ದ ದಿಬ್ಬದಲ್ಲಿ ಈಗ ಎರಡು ಸಲ ನಿಲ್ಲಬೇಕಾಗಿದೆ ಎಂದರೆ ವಯಸ್ಸಿನ ಮೇಲೆ ಹಾಕಬೇಡಿ. ಬಿಗಿತ ಮೊದಲಿಗಿಂತ ಕಡಿಮೆ ಕೆಲಸಕ್ಕೇ ಬರತೊಡಗಿದರೆ, ಮಲಗಿದ್ದಾಗಲೂ ಬಂದರೆ, ಅವತ್ತೇ ಆಸ್ಪತ್ರೆಗೆ ಬರಬೇಕು.

ಆಟೋ, ಟ್ಯಾಕ್ಸಿ ಅಣ್ಣಂದಿರಿಗೆ, 108ರ ಸಿಬ್ಬಂದಿಗೆ ನಾವು ತುಂಬ ಋಣಿ. 15 ನಿಮಿಷ ದಾಟಿದ ಎದೆನೋವು, ಜೊತೆಗೆ ತಣ್ಣನೆ ಬೆವರು ಇದ್ದರೆ ಸೋಡಾ, ಜೀರಿಗೆ ನೀರು ಎಂದು ಕಾಯದೆ, ರೋಗಿಯನ್ನು ಬೈಕಿಗೆ ಹತ್ತಿಸದೆ, ಮೆಟ್ಟಿಲಲ್ಲಿ ನಡೆಸದೆ ತಂದಿರಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ 300 ಮಿ.ಗ್ರಾಂ ಆಸ್ಪಿರಿನ್ ಕೊಡುವುದಾದರೆ ಅಗಿದು ತಿನ್ನಬೇಕು, ಇಡೀ ನುಂಗಿದರೆ ಕೆಲಸ ಶುರುವಾಗುವುದು ತಡ. ರಕ್ತನಾಳ ಪೂರ್ತಿ ಮುಚ್ಚಿದ ಅರ್ಧ ಗಂಟೆಯೊಳಗೇ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಹೆಪ್ಪು ಕರಗಿಸುತ್ತದೆ. ಮೊದಲ ಮೂರು ಗಂಟೆಯೊಳಗೆ ಸಿಕ್ಕರೆ ಅದರ ಫಲ ಚೆನ್ನಾಗಿರುತ್ತದೆ, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ.

‘ಇಸಿಜಿ ನಾರ್ಮಲ್ ಬಂತಲ್ಲ, ಮತ್ತ್ಯಾಕೆ ಕೂರಿಸ್ತೀರಿ?’ ಎಂದು ಕೇಳಿದರೂ ಎದ್ದು ಹೋಗದವರಿಗೆ ವಿಶೇಷ ನಮಸ್ಕಾರ. ಇಸಿಜಿ ಆ ಹತ್ತು ಸೆಕೆಂಡಿನ ಚಿತ್ರ ಮಾತ್ರ. ನೋವು ಮುಂದುವರಿದರೆ 15–30 ನಿಮಿಷಕ್ಕೆ ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಅಂಶವನ್ನು ನೋಡುವ ರಕ್ತಪರೀಕ್ಷೆಯೂ ಹಾಗೇ: ನೋವು ಶುರುವಾದ ಮೊದಲ ಗಂಟೆಯಲ್ಲಿ ಏನೂ ತೋರಿಸದೆ, ಕೆಲವು ಗಂಟೆ ಕಳೆದ ಮೇಲೆ ಏರಿರಬಹುದು. ಬೆವರಿದ ಎದೆಗೆ ಎಲೆಕ್ಟ್ರೋಡ್ ಅಂಟುವುದಿಲ್ಲ, ಗೆರೆಗಳು ನಡುಗಿ ಓದಲು ಬರುವುದಿಲ್ಲ. ಹಾಗಾಗಿ ಬಟ್ಟೆಯಿಂದ ಒರೆಸುತ್ತೇವೆ, ಕೂದಲಿದ್ದರೆ ಬೋಳಿಸುತ್ತೇವೆ. ಆ ಅರ್ಧ ನಿಮಿಷ ಸಂಕೋಚ ಬಿಟ್ಟು ಸಹಕರಿಸಿದ ಅಮ್ಮಂದಿರನ್ನು, ಅಜ್ಜಂದಿರನ್ನು ಮರೆಯುವಂತಿಲ್ಲ.

ಕೊನೆಗೆ, ಹಳೇ ಇಸಿಜಿಯನ್ನು ಮಡಚಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದ ಮನೆಯವರಿಗೆ. ಹೊಸ ಬದಲಾವಣೆ ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ವೈದ್ಯರಿಗೆ ತಿಳಿದದ್ದು ಆ ಹಾಳೆಯಿಂದ. ಅದು ಶಾಖಕ್ಕೆ ಮಾಸುವ ಕಾಗದ, ಪ್ಲಾಸ್ಟಿಕ್ಕಿನೊಳಗೆ ಗೆರೆಗಳು ಇನ್ನೂ ಬೇಗ ಅಳಿಸಿಹೋಗುತ್ತವೆ. ಒಂದು ಜೆರಾಕ್ಸ್ ಮಾಡಿಸಿಡಿ, ಮೊಬೈಲಿನಲ್ಲೂ ಒಂದು ಫೋಟೋ ಇರಲಿ.