ಕೆಟ್ಟ ಸುದ್ದಿಯನ್ನು ಬೇಗ ಹೇಳಿದವರಿಗೆ

ಹೊಸ ಸಿಸ್ಟಮ್ ಕೊನೆಗೂ ಲೈವ್ ಆಗಿದೆ. ಹಳೆಯ ಸಾಫ್ಟ್‌ವೇರ್‌ನಲ್ಲಿದ್ದ ದಾಖಲೆಗಳೆಲ್ಲ ಹೊಸದಕ್ಕೆ ಬಂದಿವೆ, ಲೆಕ್ಕ ತಾಳೆಯಾಗಿದೆ, ಜನ ಅದರಲ್ಲೇ ಕೆಲಸ ಮಾಡುತ್ತಿದ್ದಾರೆ. ಶಾಭಾಷ್ ಅಂತ ಮೆಸೇಜುಗಳು ನನಗೆ ಬರುತ್ತಿವೆ. ಅವು ಸೇರಬೇಕಾದ್ದು ಬೇರೆಯವರಿಗೆ. ಹೆಸರು ಹಾಕಬೇಡಿ ಅಂತ ತಂಡದವರು ಹೇಳಿದ್ದಾರೆ, ಹಾಗಾಗಿ ಅವರವರು ಮಾಡಿದ ಕೆಲಸ ಹೇಳಿಯೇ ಥ್ಯಾಂಕ್ಸ್ ಹೇಳುತ್ತೇನೆ.

ಮೊದಲು ಟೆಸ್ಟಿಂಗ್ ನೋಡಿಕೊಂಡ ಗೆಳತಿಗೆ. ದಾಖಲೆ ವರ್ಗಾಯಿಸುವಾಗ ಕೆಲವು ಸಾಲುಗಳು ತಾರೀಕು ಸರಿಯಿಲ್ಲ ಅಂತ ವಾಪಸ್ ಬರುತ್ತಿದ್ದವು. ಅವನ್ನು ತಿದ್ದಿ ಮತ್ತೆ ಹಾಕಿದರೆ ಮುಗೀತು ಅನ್ನೋ ಮಾತು ನಡೀತಿತ್ತು. ಇವರು ವಾಪಸ್ ಬಂದವನ್ನು ಬದಿಗಿಟ್ಟು, ಸಲೀಸಾಗಿ ಒಳಗೆ ಹೋದವನ್ನು ತೆಗೆದು ನೋಡಿದರು. ಹಳೆಯ ಸಿಸ್ಟಮ್ ದಿನವನ್ನು ಮೊದಲು ಬರೆಯುತ್ತಿತ್ತು, ಹೊಸದು ತಿಂಗಳನ್ನು ಮೊದಲು ಓದುತ್ತಿತ್ತು. 25/04 ಇದ್ದರೆ, 25ನೇ ತಿಂಗಳು ಅಂತ ಒಂದಿಲ್ಲವಲ್ಲ, ಅದು ಹೊರಗೆ ಬೀಳುತ್ತದೆ. 03/04 ಇದ್ದರೆ? ಏಪ್ರಿಲ್ 3 ಸದ್ದಿಲ್ಲದೆ ಮಾರ್ಚ್ 4 ಆಗಿಬಿಡುತ್ತದೆ. 01/01, 02/02 ಥರದವನ್ನು ಬಿಟ್ಟರೆ, ದಿನ 12ರ ಒಳಗಿದ್ದ ದಾಖಲೆಗಳೆಲ್ಲ ಒಂದು ಎರರ್ ಕೂಡ ತೋರಿಸದೆ ತಪ್ಪು ತಾರೀಕಿನಲ್ಲಿ ಕೂತಿದ್ದವು. ಲೈವ್ ಆದಮೇಲೆ ಇದು ಗೊತ್ತಾಗಿದ್ದರೆ ಯಾವುದು ಸರಿ, ಯಾವುದು ತಪ್ಪು ಅಂತ ಬೇರ್ಪಡಿಸೋದೇ ಕಷ್ಟವಾಗುತ್ತಿತ್ತು. ಆಮೇಲೆ ಎರಡೂ ಕಡೆ ವರ್ಷ, ತಿಂಗಳು, ದಿನ ಅನ್ನೋ ಕ್ರಮಕ್ಕೆ ಬಂದೆವು. 1988ರಲ್ಲೇ ಐಎಸ್ಒ 8601 ಅಂತ ಇದಕ್ಕೊಂದು ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಎಲ್ಲರೂ ಮನೆಗೆ ಹೊರಟು ನಿಂತಿದ್ದ ಹೊತ್ತಿನಲ್ಲಿ "ಒಂದು ನಿಮಿಷ, ಇದನ್ನು ನೋಡಿ" ಅನ್ನೋಕೆ ಧೈರ್ಯ ಬೇಕು. ಅದು ಅವರಿಗಿತ್ತು.

ಆಮೇಲೆ, ನಮ್ಮ ಸಮಸ್ಯೆಗಳ ಪಟ್ಟಿ ಕಾಯ್ದವರಿಗೆ. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಏನಾಗಿದೆ, ಇದರಿಂದ ಯಾರ ಕೆಲಸ ನಿಂತಿದೆ, ಯಾರು ನೋಡುತ್ತಾರೆ, ಯಾವಾಗ ಮುಗಿಯುತ್ತದೆ. ಇಷ್ಟೂ ತುಂಬದೆ ಒಂದು ಸಾಲನ್ನೂ ಅವರು ಬಿಡಲಿಲ್ಲ. ಜವಾಬ್ದಾರಿಯ ಜಾಗದಲ್ಲಿ 'ತಂಡ' ಅಂತ ಬರೆದರೆ ಅಳಿಸಿಬಿಡುತ್ತಿದ್ದರು, ಒಬ್ಬರ ಹೆಸರೇ ಬೇಕು. ಇಬ್ಬರ ಹೆಸರಿದ್ದರೆ ಅವರು ನೋಡ್ತಾರೆ ಅಂತ ಇವರು, ಇವರು ನೋಡ್ತಾರೆ ಅಂತ ಅವರು ಸುಮ್ನೆ ಕೂರುತ್ತಾರೆ, ಅಲ್ವಾ? ಸಮಸ್ಯೆ ಹೇಳಿದವರೇ ಪರೀಕ್ಷಿಸಿ ಸರಿಯಾಗಿದೆ ಅನ್ನುವವರೆಗೆ ಅದನ್ನು ಮುಚ್ಚುತ್ತಲೂ ಇರಲಿಲ್ಲ. ದೊಡ್ಡ ಸಮಸ್ಯೆಯೇ ಬೇರೆ, ಅರ್ಜೆಂಟ್ ಸಮಸ್ಯೆಯೇ ಬೇರೆ ಅಂತ ನಮಗೆಲ್ಲ ರೂಢಿ ಮಾಡಿಸಿದ್ದೂ ಅವರೇ. ವರ್ಷಕ್ಕೊಮ್ಮೆ ತೆಗೆಯುವ ವರದಿ ಪೂರ್ತಿ ಕೆಟ್ಟಿದ್ದರೂ ಸ್ವಲ್ಪ ದಿನ ಕಾಯಬಹುದು. ಮೊದಲ ಪುಟದಲ್ಲೇ ಸಂಸ್ಥೆಯ ಹೆಸರು ತಪ್ಪಾಗಿದ್ದರೆ ಇವತ್ತೇ ಸರಿಯಾಗಬೇಕು.

ಕೆಲಸ ತಡವಾದಾಗ ಇನ್ನೂ ನಾಲ್ವರನ್ನು ಸೇರಿಸಿ ಅನ್ನೋ ಒತ್ತಡ ಬಂತು. ಬೇಡ ಅಂತ ಗಟ್ಟಿಯಾಗಿ ನಿಂತ ಹಿರಿಯರಿಗೆ ನಾನು ತುಂಬಾ ಋಣಿ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ನಮ್ಮ ಹಿರಿಯರು ಅದನ್ನು ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಹಾಕಿಯೇ ತೋರಿಸಿದರು. 8 ಜನರಿದ್ದರೆ ಇಬ್ಬಿಬ್ಬರ ಜೋಡಿ 28, 12 ಜನರಾದರೆ 66. ಅಷ್ಟು ಜೋಡಿಗಳ ನಡುವೆ ಮಾತು ಹೊಂದಬೇಕು, ಹೊಸಬರಿಗೆ ಕೆಲಸ ಕಲಿಸಬೇಕಾದವರೂ ಈಗಾಗಲೇ ಕೈತುಂಬ ಕೆಲಸ ಇರುವವರೇ. ಕೊನೆಗೆ ಜನ ಸೇರಿಸಲಿಲ್ಲ, ಈಗಲೇ ಬೇಕಿಲ್ಲದ ಕೆಲವು ವರದಿಗಳನ್ನು ಮುಂದಕ್ಕೆ ಹಾಕಿದೆವು.

ಅದಕ್ಕೆ ಒಪ್ಪಿದ ಗ್ರಾಹಕರಿಗೂ ಥ್ಯಾಂಕ್ಸ್. ತಾರೀಕಿನ ವಿಷಯ ಹೇಳಿದಾಗ ಅವರು ಯಾರ ತಪ್ಪು ಅಂತ ಕೇಳಲಿಲ್ಲ, ಯಾವ್ಯಾವ ದಾಖಲೆ ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದಾಗಿ ಮುಂದೆ ಯಾರೂ ಏನನ್ನೂ ಮುಚ್ಚಿಡಲಿಲ್ಲ. ತಡರಾತ್ರಿಯ ಕಾಲ್‌ಗಳನ್ನು ಸಹಿಸಿಕೊಂಡ ಎಲ್ಲರ ಮನೆಯವರಿಗೂ ನಮಸ್ಕಾರ.

ಪಟ್ಟಿಯಲ್ಲಿ ಇನ್ನೂ ಕೆಲವು ಸಾಲು ಬಾಕಿ ಇವೆ, ಅವಕ್ಕೆಲ್ಲ ಹೆಸರೂ ತಾರೀಕೂ ಬಿದ್ದಿದೆ. ಹೊಸ ಸಿಸ್ಟಮ್ ಬಳಸುತ್ತಿರುವವರು ಏನಾದರೂ ವಿಚಿತ್ರ ಕಂಡರೆ, ಚಿಕ್ಕದು ಅಂತ ಬಿಡಬೇಡಿ. ಯಾವ ಪುಟ, ಏನು ಒತ್ತಿದಿರಿ, ಏನು ಬಂತು ಅಂತ ಬರೆದು ಸ್ಕ್ರೀನ್‌ಶಾಟ್ ಸಮೇತ ಕಳಿಸಿ.